ನಿಚಕ್ಷು ಹೋದದ್ದೆಲ್ಲಿಗೆ? ಹಸ್ತಿನಾಪುರದ ಮುಳುಗಡೆ ಕುರಿತು ಒಂದು ಹೊಸ ಸಿದ್ಧಾಂತ

ಮುಳುಗಿದ ಊರುಗಳ ಶಾಸ್ತ್ರದಲ್ಲಿ ಹಸ್ತಿನಾಪುರಕ್ಕೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ. ದ್ವಾರಕೆಯನ್ನು ಹುಡುಕಲು ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾಯರು 1980ರ ದಶಕದಲ್ಲಿ ಮುಳುಗುಗಾರರ ತಂಡ ಕಟ್ಟಿಕೊಂಡು ಅರಬ್ಬಿ ಸಮುದ್ರಕ್ಕೇ ಇಳಿದರು. ಪ್ಲೇಟೋ ಹೇಳಿಹೋದ ಅಟ್ಲಾಂಟಿಸ್‌ಗಾಗಿ ಪಾಶ್ಚಾತ್ಯರು ತಡಕದ ಕಡಲಿಲ್ಲ. ಹಸ್ತಿನಾಪುರ ಮಾತ್ರ ಮೀರತ್ತಿನಿಂದ ಬಸ್ಸು ಹತ್ತಿದರೆ ಸಿಕ್ಕಿಬಿಡುತ್ತದೆ. ಹಾಗೆ ಸುಲಭವಾಗಿ ಸಿಗುವುದನ್ನು ಕಳೆದುಹೋದ ಊರು ಎಂದು ಒಪ್ಪಲು ವಿದ್ವಾಂಸರಿಗೆ ಮನಸ್ಸಿಲ್ಲ. ಕನ್ನಡಿಗರ ಮಟ್ಟಿಗಂತೂ ಈ ಉದಾಸೀನ ಸಲ್ಲದು. ಪಂಪ ತನ್ನ ಎರಡೂ ಕಾವ್ಯಗಳಲ್ಲಿ ಈ ಊರಿಗೆ ಹೋಗಿಬಂದವನು. ಆದಿಪುರಾಣದಲ್ಲಿ ಶ್ರೇಯಾಂಸನು ವೃಷಭನಾಥನಿಗೆ ಕಬ್ಬಿನ ರಸ ಕೊಟ್ಟದ್ದು ಇಲ್ಲಿ. ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನಿಗೆ ಪಟ್ಟವಾದದ್ದೂ ಇಲ್ಲಿಯೇ. ಇಷ್ಟು ಪರಿಚಯವಿರುವ ಊರು ಕೊನೆಗೆ ಏನಾಯಿತು ಎಂದು ವಿಚಾರಿಸುವುದು ಕನಿಷ್ಠ ಸೌಜನ್ಯ. ಪುರಾಣಗಳು ಅದಕ್ಕೆ ಚುಟುಕಾಗಿ ಉತ್ತರ ಕೊಟ್ಟು ಮುಂದೆ ಹೋಗುತ್ತವೆ: ಪರೀಕ್ಷಿತನ ವಂಶದಲ್ಲಿ ಅಧಿಸೀಮಕೃಷ್ಣ, ಅವನ ಮಗ ನಿಚಕ್ಷು, ಈ ನಿಚಕ್ಷುವಿನ ಕಾಲಕ್ಕೆ ಗಂಗೆ ಊರನ್ನು ಕೊಚ್ಚಿಕೊಂಡು ಹೋಗಲಾಗಿ, ಅವನು ಕೌಶಾಂಬಿಗೆ ಹೋಗಿ ನೆಲೆಸುತ್ತಾನೆ. ಆ ಕೌಶಾಂಬಿ ಪ್ರಯಾಗದ ಬಳಿ ಯಮುನೆಯ ದಡದಲ್ಲಿದೆ ಎಂದು ಎಲ್ಲರೂ ಓದಿಕೊಂಡು, ಪರೀಕ್ಷೆ ಬರೆದು, ಪಾಸಾಗಿ, ಪಾಠವನ್ನೂ ಹೇಳುತ್ತಿದ್ದಾರೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಬೇರೆ. ನಿಚಕ್ಷು ರಾಷ್ಟ್ರ ರಾಜಧಾನಿ ಪ್ರದೇಶವನ್ನು ಬಿಟ್ಟು ಒಂದು ಹೆಜ್ಜೆಯೂ ಆಚೆ ಇಟ್ಟಿಲ್ಲ. ಅವನು ಹೋದ ಕೌಶಾಂಬಿ ಘಾಜಿಯಾಬಾದಿನದು. ಅವನ ಬೆನ್ನಿಗೇ ನೀರೂ ಬಂತು, ಈಗಲೂ ಬರುತ್ತಿದೆ.

ಮೊದಲು ಮುಳುಗಡೆಯನ್ನೇ ಸ್ಥಾಪಿಸಬೇಕು. ಏಕೆಂದರೆ ಊರು ಮುಳುಗಲೇ ಇಲ್ಲ, ಪುರಾಣದವರ ಅತಿಶಯೋಕ್ತಿ ಅದು ಎನ್ನುವವರಿದ್ದಾರೆ. ಇವರಿಗೆ ಉತ್ತರ ಹೇಳುವ ಕೆಲಸವನ್ನು ಪುರಾತತ್ವಜ್ಞ ಬಿ. ಬಿ. ಲಾಲ್ 1950ರಿಂದ 1952ರವರೆಗೆ ಹಸ್ತಿನಾಪುರದ ದಿಬ್ಬವನ್ನು ಅಗೆದು ಮಾಡಿಟ್ಟಿದ್ದಾರೆ. ಕಪ್ಪು ಗೆರೆಗಳ ಚಿತ್ತಾರವಿರುವ ಬೂದು ಮಡಕೆಗಳ ಜನ ಅಲ್ಲಿ ಬಾಳಿದ ಪದರ, ಅದರ ಮೇಲೆ ನೀರು ಕೊರೆದ ಗುರುತು, ಆಮೇಲೆ ಒಂದಷ್ಟು ಕಾಲ ಯಾರೂ ಇಲ್ಲದ ಬಿಡುವು, ಅನಂತರ ಬೇರೆ ಥರದ ಮಡಕೆಗಳ ಬೇರೆ ಜನ. ಗಂಗೆಯ ಹಳೆಯ ಪಾತ್ರದಲ್ಲಿ ಕೊಳವೆ ಇಳಿಸಿ ನೋಡಿದಾಗ ದಿಬ್ಬದಿಂದ ಕೊಚ್ಚಿಹೋದ ಊರಿನ ಮಣ್ಣೂ ಮಡಕೆ ಚೂರೂ ಆಳದಲ್ಲಿ ಸಿಕ್ಕವು. ಲಾಲ್ ಈ ಪ್ರವಾಹವನ್ನು ಕ್ರಿ.ಪೂ. 800ರ ಸುಮಾರಿಗೆ ಇಟ್ಟು, ಪುರಾಣದ ನಿಚಕ್ಷುವಿಗೂ ಇದಕ್ಕೂ ಗಂಟು ಹಾಕಿದರು. ಗಂಟು ಗಟ್ಟಿಯೇ, ಸಡಿಲವೇ ಎಂದು ಇತಿಹಾಸಕಾರರು ಎಪ್ಪತ್ತು ವರ್ಷಗಳಿಂದ ಎಳೆದು ನೋಡುತ್ತಿದ್ದಾರೆ. ನಮಗೆ ಅದು ಗಟ್ಟಿಯಾಗಿರುವುದು ಅನುಕೂಲವಾದ್ದರಿಂದ ಗಟ್ಟಿ ಎಂದೇ ಹಿಡಿಯೋಣ. ಕೆಲವರಿಗೆ ಇನ್ನೊಂದು ಕಸಿವಿಸಿ. ಅಷ್ಟು ದೊಡ್ಡ ಕುರುಸಾಮ್ರಾಜ್ಯದ ರಾಜಧಾನಿಯಲ್ಲಿ ಅರಮನೆ ಸಿಗಲಿಲ್ಲವಲ್ಲ, ಮಣ್ಣು ಮೆತ್ತಿದ ಜೊಂಡಿನ ಗೋಡೆಗಳೂ ಒಡೆದ ಮಡಕೆಗಳೂ ಮಾತ್ರ ಸಿಕ್ಕವಲ್ಲ ಎಂದು ಅವರು ಕೊರಗುತ್ತಾರೆ. ವರ್ಗಾವಣೆಯಾದವರು ಖಾಲಿ ಮಾಡಿದ ಸರ್ಕಾರಿ ಕ್ವಾರ್ಟರ್ಸಿನೊಳಗೆ ಒಮ್ಮೆ ಇಣುಕಿದರೆ ಈ ಕೊರಗು ಹೋಗುತ್ತದೆ. ಬೀರು, ಮಂಚ, ಪರದೆಯ ಸರಳು, ಕೊನೆಗೆ ಬಲ್ಬು ಕೂಡ ಹೋಗಿರುತ್ತದೆ. ಹಿತ್ತಿಲ ಮೂಲೆಯಲ್ಲಿ ಬಾಯಿ ಒಡೆದ ಹೂಕುಂಡ ಉಳಿದಿರುತ್ತದೆ. ಹಸ್ತಿನಾಪುರದಲ್ಲಿ ಅರಮನೆ ಸಿಗದಿರುವುದು ಅರಮನೆ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಸಾಗಣೆ ವ್ಯವಸ್ಥಿತವಾಗಿ ನಡೆಯಿತು ಎಂಬುದಕ್ಕೆ ಸಾಕ್ಷಿ.

ಹಾಗಾದರೆ ಸಾಮಾನು ಸಾಗಿದ್ದು ಎಲ್ಲಿಗೆ? ಪ್ರಯಾಗದ ಕೌಶಾಂಬಿ ಹಸ್ತಿನಾಪುರದಿಂದ ನೇರ ಗೆರೆ ಎಳೆದು ಅಳೆದರೂ 500 ಕಿಲೋಮೀಟರಿಗೆ ಮಿಗಿಲು. ಮಳೆಗಾಲ, ಹೊಳೆ ಉಕ್ಕಿದೆ, ದಾರಿ ಕೆಸರು, ಅಂತಃಪುರ, ಪುರೋಹಿತರು, ಕುದುರೆ, ಕಡತ. ಇಂಥ ಹೊತ್ತಿನಲ್ಲಿ ಯಾವ ದೊರೆ ಐನೂರು ಕಿಲೋಮೀಟರು ಹೋಗುತ್ತಾನೆ? ಮುಳುಗಡೆಯ ವಿಷಯದಲ್ಲಿ ಕನ್ನಡಿಗರಿಗಿಂತ ಅನುಭವಸ್ಥರು ಕಡಿಮೆ. ಆಲಮಟ್ಟಿಯ ಹಿನ್ನೀರು ಬಾಗಲಕೋಟೆಗೆ ಬಂದಾಗ ಬಾಗಲಕೋಟೆಯ ಜನ ಬೀದರಿಗೂ ಹೋಗಲಿಲ್ಲ, ಬಳ್ಳಾರಿಗೂ ಹೋಗಲಿಲ್ಲ. ಹತ್ತಿರದ ಎತ್ತರ ನೋಡಿ ನವನಗರ ಕಟ್ಟಿಕೊಂಡು ಕೂತರು. ಸಂತೆಗೆ ಹಳೇ ಊರು, ಕಚೇರಿಗೆ ಹೊಸ ಊರು. ಮುಳುಗಡೆಯಾದವನು ದೂರ ಹೋಗುವುದಿಲ್ಲ, ಎತ್ತರಕ್ಕೆ ಹೋಗುತ್ತಾನೆ ಎಂಬುದು ಇದರಿಂದ ಸಿದ್ಧವಾದ ವ್ಯಾಪ್ತಿ. ಈಗ ಹಸ್ತಿನಾಪುರದಿಂದ ಘಾಜಿಯಾಬಾದಿನ ಕೌಶಾಂಬಿಗೆ ಅಳೆದು ನೋಡಿ: ನೇರ ಗೆರೆಯಲ್ಲಿ 100 ಕಿಲೋಮೀಟರಿನೊಳಗೇ ಬರುತ್ತದೆ. ಆಡಳಿತದ ಕಾರಣ ಇನ್ನೂ ಬಲವಾದದ್ದು. 1985ರ ರಾಷ್ಟ್ರ ರಾಜಧಾನಿ ಪ್ರದೇಶ ಯೋಜನಾ ಮಂಡಳಿ ಕಾಯ್ದೆಯ ಪ್ರಕಾರ ಮೀರತ್ ಜಿಲ್ಲೆ ರಾಜಧಾನಿ ಪ್ರದೇಶದ ಒಳಗಿದೆ, ಆದ್ದರಿಂದ ಹಸ್ತಿನಾಪುರವೂ ಒಳಗಿದೆ, ಘಾಜಿಯಾಬಾದೂ ಒಳಗಿದೆ, ಪ್ರಯಾಗದ ಕೌಶಾಂಬಿ ಹೊರಗೆ. ಮೇಲಾಗಿ ಘಾಜಿಯಾಬಾದಿನಲ್ಲಿ ಕೆಲಸ ಮಾಡುವ ಕೇಂದ್ರ ನೌಕರರಿಗೆ ದೆಹಲಿಯ ದರದಲ್ಲೇ ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಈ ಸಂಗತಿ ಗೊತ್ತಿದ್ದೂ ಗೊತ್ತಿದ್ದೂ ಪ್ರಯಾಗಕ್ಕೆ ಹೊರಟ ರಾಜನನ್ನು ಅವನ ಮಂತ್ರಿಮಂಡಲವೇ ಬಿಡುತ್ತಿರಲಿಲ್ಲ.

ಇನ್ನು ದೆಹಲಿ ಮೆಟ್ರೋದ ನೀಲಿ ಮಾರ್ಗ. ಈ ಮಾರ್ಗದ ನಕ್ಷೆಯನ್ನು ಇದುವರೆಗೆ ಯಾವ ಪುರಾತತ್ವಜ್ಞನೂ ಶಾಸನವೆಂದು ಓದಿಲ್ಲ; ಕಂಬಕ್ಕೆ ಒರಗಿ ನಿಂತು ಇಳಿಯುವ ನಿಲ್ದಾಣ ಹುಡುಕುವವರು ಮಾತ್ರ ಓದುತ್ತಾರೆ. ಪಶ್ಚಿಮದ ತುದಿಯಲ್ಲಿ ದ್ವಾರಕಾ. ನಡುವೆ ಇಂದ್ರಪ್ರಸ್ಥ. ಅದರ ಪಕ್ಕಕ್ಕೆ ಯಮುನಾ ಬ್ಯಾಂಕ್. ಅಲ್ಲಿ ದಾರಿ ಕವಲೊಡೆದು ಒಂದು ಕವಲು ನೊಯ್ಡಾ ಕಡೆ ಹೋದರೆ ಇನ್ನೊಂದು ಆನಂದ ವಿಹಾರದ ಮೇಲೆ ಹಾದು ಕೌಶಾಂಬಿ, ಆಮೇಲೆ ವೈಶಾಲಿ. ಮೌಸಲ ಪರ್ವವನ್ನು ಓದಿದವರು ಇಲ್ಲಿ ಬೆಚ್ಚಿಬೀಳಬೇಕು. ದ್ವಾರಕೆ ಕಡಲ ಪಾಲಾದಾಗ ಉಳಿದ ಯಾದವರನ್ನು ಅರ್ಜುನ ಕರೆತಂದದ್ದು ಈ ಕಡೆಗೇ. ಕೃಷ್ಣನ ಮರಿಮಗ ವಜ್ರನನ್ನು ಅವನು ಕೂರಿಸಿದ್ದು ಇಂದ್ರಪ್ರಸ್ಥದಲ್ಲೇ. ಒಂದು ಮುಳುಗಡೆಯ ಸಂತ್ರಸ್ತರು ಪಶ್ಚಿಮದಿಂದ ಇಂದ್ರಪ್ರಸ್ಥಕ್ಕೆ, ಇನ್ನೊಂದು ಮುಳುಗಡೆಯ ಸಂತ್ರಸ್ತರು ಈಶಾನ್ಯದಿಂದ ಕೌಶಾಂಬಿಗೆ. ಎರಡೂ ಒಂದೇ ಬಣ್ಣದ ಹಳಿಯ ಮೇಲೆ. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವವರು ಹಸ್ತಿನಾಪುರದ ಬೂದು ಮಡಕೆಗೂ ಇಂದ್ರಪ್ರಸ್ಥದ ಜಾಗವೆಂದು ಹೇಳುವ ದೆಹಲಿಯ ಪುರಾನಾ ಕಿಲಾದಲ್ಲಿ 1954–55ರ ಅಗೆತದಲ್ಲಿ ಸಿಕ್ಕ ಬೂದು ಮಡಕೆಯ ಚೂರಿಗೂ ಇರುವ ಸಂಬಂಧವನ್ನು ಯಾವ ಮುಖ ಹೊತ್ತು ಒಪ್ಪುತ್ತಾರೆ? ಮಡಕೆಗಳ ಹೋಲಿಕೆ ಪ್ರಮಾಣವಾದರೆ ನಿಲ್ದಾಣಗಳ ಹೋಲಿಕೆಯೂ ಪ್ರಮಾಣ. ಸರ್ಕಾರ ಕೂಡ ಈಚೆಗೆ ಮೌನವಾಗಿ ನಮ್ಮ ಸಿದ್ಧಾಂತವನ್ನು ಅಂಗೀಕರಿಸಿದೆ. ದೆಹಲಿ–ಮೀರತ್ ನಡುವೆ 30,274 ಕೋಟಿ ರೂಪಾಯಿಯ ಅಂದಾಜಿನಲ್ಲಿ 82 ಕಿಲೋಮೀಟರಿನ ಕ್ಷಿಪ್ರ ರೈಲುಮಾರ್ಗವನ್ನು ಹಾಕಿ, ಕೌಶಾಂಬಿಗೆ ಒತ್ತಿಕೊಂಡೇ ಇರುವ ಆನಂದ ವಿಹಾರದ ನೆಲದಡಿಯ ನಿಲ್ದಾಣವನ್ನು 2025ರ ಜನವರಿಯಲ್ಲಿ ತೆರೆದದ್ದು ನಿಚಕ್ಷು ಮಾರ್ಗದ ಜೀರ್ಣೋದ್ಧಾರವಲ್ಲದೆ ಮತ್ತೇನು? ಊರು ಮುಳುಗಿ ಎರಡು ಸಾವಿರದ ಎಂಟುನೂರು ವರ್ಷವಾದ ಮೇಲೆ ದಾರಿ ಮಾಡಿಕೊಟ್ಟರು ಎಂದು ಕೊಂಕು ನುಡಿಯಬಹುದು. ಪರಿಹಾರ ಕಾಮಗಾರಿಗಳ ಸಾಮಾನ್ಯ ವೇಗ ಬಲ್ಲವರು ನುಡಿಯುವುದಿಲ್ಲ.

ಇಲ್ಲಿ ಪೂರ್ವಪಕ್ಷಿಗಳು ತಮ್ಮ ಬ್ರಹ್ಮಾಸ್ತ್ರವನ್ನು ತೆಗೆಯುತ್ತಾರೆ. ಘಾಜಿಯಾಬಾದಿನ ಕೌಶಾಂಬಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ನಿವೇಶನ ಹಂಚಿ ಮೊನ್ನೆ ಮೊನ್ನೆ ಎಬ್ಬಿಸಿದ ಬಡಾವಣೆ, ಮೆಟ್ರೋ ಅಲ್ಲಿಗೆ ಬಂದದ್ದು 2011ರ ಜುಲೈಯಲ್ಲಿ, ಕ್ರಿ.ಪೂ. 800ರ ರಾಜ ಅಲ್ಲಿ ಫ್ಲಾಟು ಹಿಡಿದದ್ದು ಹೇಗೆ? ಆಕ್ಷೇಪಣೆ ಮೇಲುನೋಟಕ್ಕೆ ಭೀಕರ. ಆದರೆ ಆಕ್ಷೇಪಿಸುವವರು ಮೂಲವನ್ನು ನೋಡಿಲ್ಲ. ಪುರಾಣಗಳ ಲೆಕ್ಕದಲ್ಲಿ ಕಥೆ ಹೇಳುತ್ತಿರುವ ಹೊತ್ತಿಗೆ ಗದ್ದುಗೆಯ ಮೇಲಿರುವವನು ನಿಚಕ್ಷುವಿನ ಅಪ್ಪ ಅಧಿಸೀಮಕೃಷ್ಣ. ಅವನಿಂದ ಮುಂದಿನದೆಲ್ಲ ಭವಿಷ್ಯ. ಗಂಗೆ ಕೊಚ್ಚಿಕೊಂಡು ಹೋಯಿತು ಎಂದು ಪುರಾಣ ಎಲ್ಲೂ ಹೇಳುವುದಿಲ್ಲ, ಹೋಗುವುದು ಎನ್ನುತ್ತದೆ. ನಿಚಕ್ಷು ಊರು ಬಿಟ್ಟನು ಎನ್ನುವುದಿಲ್ಲ, ಬಿಡುವನು ಎನ್ನುತ್ತದೆ. ಆಗಲಿರುವುದು ಎಂದು ಸೂತರು ಸ್ಪಷ್ಟವಾಗಿ ಹೇಳಿಟ್ಟದ್ದನ್ನು ಆಗಿಹೋದ ಕಾಲದಲ್ಲಿ ಹುಡುಕಿ ಪ್ರಯಾಗಕ್ಕೆ ಹೋಗಿ ನಿಂತದ್ದು ನಮ್ಮ ಇತಿಹಾಸಕಾರರ ಆತುರ. ಯಾವಾಗ ಎಂದು ಪುರಾಣ ತಾರೀಖು ಕೊಟ್ಟಿಲ್ಲವಾದ್ದರಿಂದ ಪ್ರಾಧಿಕಾರ ಬಡಾವಣೆ ಕಟ್ಟಿ ಮುಗಿಸುವವರೆಗೆ ಕಾಯಲು ನಿಚಕ್ಷುವಿಗೆ ಯಾವ ಅಡ್ಡಿಯೂ ಇರಲಿಲ್ಲ. ನಿವೇಶನಕ್ಕೆ ಅರ್ಜಿ ಹಾಕಿ ಕಾಯುವವರ ಸರದಿ ಎಷ್ಟು ಉದ್ದವೆಂಬುದು ರಾಜಧಾನಿಯ ಜನಕ್ಕೆ ಗೊತ್ತಿಲ್ಲದ ವಿಷಯವಲ್ಲ.

ಪ್ರಯಾಗದ ಪಕ್ಷದವರು ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ಅಲಹಾಬಾದ್ ವಿಶ್ವವಿದ್ಯಾಲಯದ ಜಿ. ಆರ್. ಶರ್ಮಾ 1949ರಿಂದ ಅಲ್ಲಿ ಅಗೆದರು, ಕೋಟೆ ಸಿಕ್ಕಿತು, ಬೌದ್ಧರ ಘೋಷಿತಾರಾಮ ಸಿಕ್ಕಿತು, ವತ್ಸರಾಜ ಉದಯನನ ಊರು ಅದೇ ಎಂಬುದು ಬುದ್ಧನ ಕಾಲದಿಂದಲೂ ಪ್ರಸಿದ್ಧ ಎನ್ನುತ್ತಾರೆ. ಸಿಕ್ಕಿರಬಹುದು. ಅಲ್ಲೊಂದು ಕೌಶಾಂಬಿ ಇತ್ತೆಂಬುದನ್ನು ನಾವು ಅಲ್ಲಗಳೆಯುತ್ತಿಲ್ಲ. ಒಂದು ಹೊಳೆಯ ಪ್ರವಾಹಕ್ಕೆ ಮನೆ ಕಳೆದುಕೊಂಡವನು ಇನ್ನೊಂದು ಹೊಳೆಯ ದಡದಲ್ಲೇ ಮನೆ ಮಾಡಿದ ಎಂದು ನಂಬುವುದು ಕಷ್ಟ ಎನ್ನುತ್ತಿದ್ದೇವೆ, ಅಷ್ಟೆ. ಘಾಜಿಯಾಬಾದಿನ ಕೌಶಾಂಬಿ ಅಂಥ ಅಪಾಯದಲ್ಲಿಲ್ಲ. ಅದು ಯಮುನೆಯ ದಡದಲ್ಲಿಲ್ಲ. ಯಮುನೆಗೂ ಹಿಂಡನ್ ನದಿಗೂ ನಡುವೆ ಇದೆ. 2023ರ ಜುಲೈಯಲ್ಲಿ ಎರಡೂ ನದಿಗಳು ಒಂದೇ ತಿಂಗಳಲ್ಲಿ ಉಕ್ಕಿದವು. ಆಗ ಗ್ರೇಟರ್ ನೊಯ್ಡಾದ ಕಡೆ ಹಿಂಡನ್ ಬಯಲಿನಲ್ಲಿ ನಿಲ್ಲಿಸಿದ್ದ ನೂರಾರು ಕಾರುಗಳನ್ನು ಆಕಾಶದಿಂದ ತೆಗೆದ ಚಿತ್ರವೊಂದು ಪತ್ರಿಕೆಗಳಲ್ಲಿ ಬಂತು: ಕೆಸರು ಬಣ್ಣದ ನೀರು, ಅದರಲ್ಲಿ ಸಾಲಾಗಿ, ಶಿಸ್ತಾಗಿ, ಬಿಳಿ ಬಿಳಿ ಚಾವಣಿಗಳು ಮಾತ್ರ. ಆ ಚಿತ್ರ ನಮ್ಮ ಸಿದ್ಧಾಂತಕ್ಕೆ ಸ್ವಲ್ಪ ತೊಡಕು ಎಂದು ತೋರಬಹುದು. ತೊಡಕಲ್ಲ, ಮುಂದೆ ಬರುವ ಸೂತ್ರಕ್ಕೆ ಅದು ಪೀಠಿಕೆ.

ಅದಕ್ಕೂ ಮೊದಲು ತುಘಲಕನನ್ನು ವಿಚಾರಿಸಿಕೊಳ್ಳಬೇಕು. ರಾಜಧಾನಿ ಸಮೀಪಕ್ಕೆ ಮಾತ್ರ ಸರಿಯುತ್ತದೆ ಎಂದಿರಲ್ಲ, ಮಹಮದ್ ಬಿನ್ ತುಘಲಕ್ 1327ರಲ್ಲಿ ದೆಹಲಿಯಿಂದ ದೌಲತಾಬಾದಿಗೆ ಹೋದನಲ್ಲ ಎಂದು ಗಿರೀಶ ಕಾರ್ನಾಡರ ನಾಟಕ ನೋಡಿದ ಪ್ರತಿ ಕನ್ನಡಿಗನೂ ಕೈಯೆತ್ತುತ್ತಾನೆ. ಕೈ ಇಳಿಸಬಹುದು. ತುಘಲಕ ಹೋದ, ಆದರೆ ವಾಪಸು ಬಂದ. ದೂರ ಹೋದದ್ದು ನಿಲ್ಲಲಿಲ್ಲ ಎಂಬುದೇ ನಿಯಮದ ಸಮರ್ಥನೆ. ಅವನ ಹೆಸರು ನಮ್ಮ ಬಾಯಲ್ಲಿ ದರ್ಬಾರಾಗಿ ಉಳಿದದ್ದು ಈ ನಿಯಮವನ್ನು ಮುರಿದ ದಂಡವಾಗಿ. ನಿಯಮವನ್ನು ಪಾಲಿಸಿದವರ ಉದಾಹರಣೆ ಬೇಕೆಂದರೆ ಇಂಗ್ಲಿಷರನ್ನು ನೋಡಬೇಕು. ಐದನೆಯ ಜಾರ್ಜ್ 1911ರ ಡಿಸೆಂಬರ್ 15ರಂದು ದೆಹಲಿಯ ಉತ್ತರದಲ್ಲಿ, ದರ್ಬಾರು ನಡೆದ ಬಯಲಿನ ಬಳಿ, ಹೊಸ ರಾಜಧಾನಿಯ ಅಡಿಗಲ್ಲಿಟ್ಟ. ವಾಸ್ತುಶಿಲ್ಪಿ ಲಟ್ಯೆನ್ಸ್ ಇದ್ದ ಯೋಜನಾ ಸಮಿತಿ ಆಮೇಲೆ ಆ ಜಾಗವನ್ನು ಸುತ್ತಿ ನೋಡಿ, ಇದು ತಗ್ಗು, ನೀರು ನುಗ್ಗುತ್ತದೆ, ಸೊಳ್ಳೆ ಕಾಟ ಬೇರೆ ಎಂದು ವರದಿ ಕೊಟ್ಟಿತು. ಚಕ್ರವರ್ತಿ ಸ್ವಹಸ್ತದಿಂದ ಇಟ್ಟ ಕಲ್ಲನ್ನು ಸದ್ದಿಲ್ಲದೆ ಕಿತ್ತು ರೈಸಿನಾ ಗುಡ್ಡಕ್ಕೆ ಸಾಗಿಸಲಾಯಿತು. ಪ್ರವಾಹದ ಭಯ, ಸಮೀಪದ ಎತ್ತರ, ಗದ್ದಲವಿಲ್ಲದ ಸಾಗಣೆ: ನಿಚಕ್ಷುವಿನ ವಿಧಾನ ಚಾಚೂ ತಪ್ಪದೆ ಇಲ್ಲಿದೆ. ಹಾಗೆ ಎತ್ತರಕ್ಕೆ ಹೋದವರಿಗೆ ನೀರು ತಪ್ಪಿತೇ ಎಂದರೆ, ಅದು ಇನ್ನೊಂದೇ ಕಥೆ. ರೈಸಿನಾದ ಬುಡದಲ್ಲೇ 2023ರ ಮೇಯಲ್ಲಿ ಉದ್ಘಾಟನೆಯಾದ ಹೊಸ ಸಂಸತ್ ಭವನದ ಮೊಗಸಾಲೆಯಲ್ಲಿ ಮರುವರ್ಷದ ಮಳೆಗೆ ಚಾವಣಿಯ ಗಾಜಿನ ಸಂದಿಯಿಂದ ನೀರು ತೊಟ್ಟಿಕ್ಕಿ, ಕೆಳಗೆ ಒಂದು ಬಕೆಟ್ಟು ಇಟ್ಟಿದ್ದನ್ನು ದೇಶವೆಲ್ಲ ನೋಡಿದೆ. ಹೊಳೆ ಹತ್ತಲಾರದ ಎತ್ತರಕ್ಕೆ ನೀರು ಮೇಲಿನಿಂದ ಬರುತ್ತದೆ.

ಇದೇ ಆ ಸೂತ್ರ: ಕುರುಗಳ ಗದ್ದುಗೆ ಎಲ್ಲಿಗೆ ಹೋದರೂ ನೀರು ಅದನ್ನು ಹುಡುಕಿಕೊಂಡು ಬರುತ್ತದೆ. ಆ ವಂಶದ ವೃತ್ತಾಂತವನ್ನು ನೋಡಿದರೆ ಇದು ಆಶ್ಚರ್ಯವೂ ಅಲ್ಲ. ಶಂತನು ಮದುವೆಯಾದದ್ದು ಹೊಳೆಯನ್ನೇ. ಅವನ ಏಳು ಮಕ್ಕಳು ಹೊಳೆಗೇ ಹೋದರು. ಎರಡನೆಯ ಹೆಂಡತಿ ದೋಣಿ ನಡೆಸುತ್ತಿದ್ದವಳು. ಕರ್ಣ ತೇಲಿ ಬಂದ, ಭೀಮನನ್ನು ಮುಳುಗಿಸಿದರು, ದ್ರೋಣನ ಕಾಲನ್ನು ಮೊಸಳೆ ಹಿಡಿಯಿತು. ಈ ಮನೆತನದ ಹೆಸರು ಎಲ್ಲಿ ಬಿದ್ದರೂ ನೆಲ ತೇವವಾಗುತ್ತದೆ ಎಂಬುದಕ್ಕೆ ಪ್ರಯೋಗಸಿದ್ಧ ಪುರಾವೆಯೇ ಇದೆ. 2016ರ ಏಪ್ರಿಲಿನಲ್ಲಿ ಹರಿಯಾಣ ಸರ್ಕಾರ ಗುಡಗಾಂವಿಗೆ, ದ್ರೋಣಾಚಾರ್ಯರ ನೆನಪಿಗೆಂದು, ಗುರುಗ್ರಾಮ ಎಂದು ಹೆಸರಿಡುವುದಾಗಿ ಘೋಷಿಸಿತು. ಅದೇ ವರ್ಷದ ಜುಲೈ 28ರ ಸಂಜೆ ಹೀರೋ ಹೊಂಡಾ ಚೌಕದಲ್ಲಿ ನೀರು ನಿಂತು, ಬಹುರಾಷ್ಟ್ರೀಯ ಕಂಪನಿಗಳ ಇಂಜಿನಿಯರುಗಳು ರಾತ್ರಿಯೆಲ್ಲ ಕಾರಿನಲ್ಲೇ ಕಳೆದರು. ಕಾರಣ ಬಾದಶಾಹಪುರ ನಾಲೆಯ ಒತ್ತುವರಿ, ಮುಚ್ಚಿಹೋದ ಕೆರೆಗಳು, ಕಾಂಕ್ರೀಟು ಎಂದೆಲ್ಲ ತಜ್ಞರು ಹೇಳಿದರು. ಅವೆಲ್ಲ ನಿಮಿತ್ತ. ಏಪ್ರಿಲಿನಲ್ಲಿ ಹೆಸರು, ಜುಲೈಯಲ್ಲಿ ನೀರು. ಮೊದಲು ನಡೆದದ್ದು ಕಾರಣ, ಆಮೇಲೆ ನಡೆದದ್ದು ಕಾರ್ಯ. ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿ ಎರಡನೆಯದನ್ನು ಓದದವರಿಗೆ ಇದು ಅಲುಗಾಡಿಸಲಾಗದ ವಾದ.

ಆದರೆ ಊರನ್ನು ಮುಳುಗಿಸಿದ್ದು ಗಂಗೆ, ದೆಹಲಿಗೆ ಬರುವುದು ಯಮುನೆ. ಗಂಗೆಯ ತಪ್ಪನ್ನು ಯಮುನೆಯ ಖಾತೆಗೆ ಬರೆಯುವುದು ಯಾವ ನ್ಯಾಯ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ, ಉತ್ತರ ಬಲರಾಮನಲ್ಲಿದೆ. ದುರ್ಯೋಧನನ ಮಗಳು ಲಕ್ಷಣೆಯನ್ನು ಹೊತ್ತೊಯ್ದ ಕೃಷ್ಣನ ಮಗ ಸಾಂಬನನ್ನು ಕೌರವರು ಕಟ್ಟಿಹಾಕಿದಾಗ ಬಲರಾಮ ಸಿಟ್ಟಾಗಿ, ನೇಗಿಲನ್ನು ಹಸ್ತಿನಾಪುರದ ಬುಡಕ್ಕೆ ಹಾಕಿ ಊರನ್ನೇ ಗಂಗೆಯ ಕಡೆಗೆ ಎಳೆದ. ಕೌರವರು ಬಂದು ಕಾಲು ಹಿಡಿದರು, ಅವನು ಬಿಟ್ಟ. ಆದರೆ ಊರು ವಾಲಿದ್ದು ವಾಲಿದಂತೆಯೇ ಉಳಿಯಿತು, ಇಂದಿಗೂ ಹಾಗೇ ಕಾಣುತ್ತದೆ ಎನ್ನುತ್ತದೆ ಭಾಗವತ. ಇಳಿಜಾರನ್ನು ಹೊಳೆಯ ಕಡೆಗೆ ತಿರುಗಿಸಿ, ಸರಿಪಡಿಸದೆ ಕೆಲಸ ಮುಗಿಯಿತೆಂದು ಬರೆದುಕೊಟ್ಟ ಮೊದಲ ಕಾಮಗಾರಿ ಇದೇ ಇರಬೇಕು. ಇದೇ ಬಲರಾಮ ಮತ್ತೊಮ್ಮೆ, ಸ್ನಾನಕ್ಕೆ ಕರೆದಾಗ ಬರಲಿಲ್ಲವೆಂದು ಯಮುನೆಯನ್ನೂ ಅದೇ ನೇಗಿಲಿನಿಂದ ಎಳೆದು ದಾರಿ ತಪ್ಪಿಸಿದ್ದಾನೆ. ಹೀಗೆ ಎರಡೂ ನದಿಗಳ ಮೇಲೆ ಒಂದೇ ಗುತ್ತಿಗೆದಾರನ ಕೈವಾಡವಿದ್ದು, ಒಂದರ ದಾಖಲೆ ಇನ್ನೊಂದಕ್ಕೂ ಅನ್ವಯಿಸುತ್ತದೆ. ಯಮುನೆ ಆ ಅವಮಾನವನ್ನು ಮರೆತಿಲ್ಲ ಎಂಬುದು ಅವಳ ನಡವಳಿಕೆಯಿಂದಲೇ ಗೊತ್ತಾಗುತ್ತದೆ. ವರ್ಷದ ಒಂಬತ್ತು ತಿಂಗಳು ದೆಹಲಿ ಎಷ್ಟು ಕರೆದರೂ ಅವಳು ಬರುವುದಿಲ್ಲ; ವಜೀರಾಬಾದಿನಿಂದ ಕೆಳಗೆ ಹರಿಯುವುದು ನಜಫಗಢ ನಾಲೆಯ ಕಪ್ಪು ನೀರು, ಓಖ್ಲಾದ ಹತ್ತಿರ ಅದರ ಮೇಲೆ ಬಿಳಿ ನೊರೆ. ಕರೆಯದೆ ಇದ್ದಾಗ ಬರುತ್ತಾಳೆ. ಅತ್ತ ಗಂಗೆಯಾದರೋ ಹಸ್ತಿನಾಪುರವನ್ನು ಮುಗಿಸಿದ ಮೇಲೆ ತಾನೂ ಅಲ್ಲಿ ನಿಲ್ಲದೆ ಪೂರ್ವಕ್ಕೆ ಹಲವು ಕಿಲೋಮೀಟರು ಸರಿದುಹೋಗಿದ್ದಾಳೆ. ದಿಬ್ಬದ ಬುಡದಲ್ಲಿ ಬೂಢಿ ಗಂಗಾ ಎಂಬ ಹಳೆಯ ಪಾತ್ರ ಉಳಿದಿದೆ. ಊರು ಮುಳುಗಿಸಿದ ಹೊಳೆಗೂ ವರ್ಗಾವಣೆಯಾದ ಪ್ರಸಂಗ ಜಗತ್ತಿನ ಮುಳುಗಡೆ ಸಾಹಿತ್ಯದಲ್ಲೇ ಅಪರೂಪ.

ಈಗ ಅಂಕಿ ಅಂಶ. ದೆಹಲಿಯಲ್ಲಿ ಯಮುನೆಯನ್ನು ಅಳೆಯುವುದು 1866ರ ಹಳೆಯ ಕಬ್ಬಿಣದ ರೈಲು ಸೇತುವೆಯ ಬಳಿ. ಅಪಾಯದ ಮಟ್ಟ 205.33 ಮೀಟರು. 1978ರ ಸೆಪ್ಟೆಂಬರಿನಲ್ಲಿ ಬಂದ 207.49 ಮೀಟರನ್ನು ದೆಹಲಿಯ ಹಿರಿಯರು ಯುಗಪ್ರಳಯವೆಂದು ಮಕ್ಕಳಿಗೆ ಹೇಳುತ್ತಿದ್ದರು. 2023ರ ಜುಲೈ 13ರಂದು ಅದು 208.66ಕ್ಕೆ ಏರಿತು. ಇದರಲ್ಲಿ ಅಚ್ಚರಿಯ ಅಂಶ ಒಂದಿದೆ. ಆ ಸಲ ಹರಿಯಾಣದ ಹಥನಿಕುಂಡ ಬ್ಯಾರೇಜಿನಿಂದ ಬಿಟ್ಟ ನೀರು ಗರಿಷ್ಠ 3.59 ಲಕ್ಷ ಕ್ಯೂಸೆಕ್; 2019ರ ಆಗಸ್ಟಿನಲ್ಲಿ 8.28 ಲಕ್ಷ ಕ್ಯೂಸೆಕ್ ಬಿಟ್ಟಿದ್ದರೂ ದೆಹಲಿಯಲ್ಲಿ ಹೊಳೆ ಏರಿದ್ದು 206.60ಕ್ಕೆ. ಅರ್ಧಕ್ಕಿಂತ ಕಡಿಮೆ ನೀರು, ಎರಡು ಮೀಟರು ಹೆಚ್ಚು ಎತ್ತರ. ತುಂಬಿಕೊಂಡ ಹೂಳು, ಹೊಳೆಯ ಬಯಲಿಗೆ ಸುರಿದ ಮಣ್ಣು, ಐಟಿಓ ಬ್ಯಾರೇಜಿನ 32 ಬಾಗಿಲುಗಳಲ್ಲಿ ತುಕ್ಕು ಹಿಡಿದು ಏಳದೆ ಹೋದ ಐದು ಬಾಗಿಲುಗಳು, ಹೀಗೆ ಸಾಧಾರಣ ಬುದ್ಧಿಯವರು ಕಾರಣ ಕೊಡುತ್ತಾರೆ. ಬ್ಯಾರೇಜು ಹರಿಯಾಣದ್ದೋ ದೆಹಲಿಯದ್ದೋ ಎಂದು ಎರಡು ಸರ್ಕಾರಗಳು ಬಾಗಿಲು ಎತ್ತುವುದಕ್ಕಿಂತ ಚುರುಕಾಗಿ ವಾದಿಸಿದವು. ನೀರು ಮಾತ್ರ ತನಗೆ ಗೊತ್ತಿದ್ದ ದಾರಿ ಹಿಡಿಯಿತು. ಕೆಂಪುಕೋಟೆಯ ಗೋಡೆಗೆ, ರಾಜಘಾಟಿಗೆ, ಇಂದ್ರಪ್ರಸ್ಥ ಬಸ್ ನಿಲ್ದಾಣದ ಬಳಿಯ ನಾಲೆಯ ಬಾಗಿಲು ಮುರಿದು ಐಟಿಓಗೆ, ದೆಹಲಿ ಸಚಿವಾಲಯದ ಅಂಗಳಕ್ಕೆ, ಸುಪ್ರೀಂ ಕೋರ್ಟಿನ ಹತ್ತಿರಕ್ಕೆ. ಇಂದ್ರಪ್ರಸ್ಥದ ಹೆಸರು ಹೊತ್ತ ಒಂದೊಂದು ಜಾಗವನ್ನೂ ವಿಳಾಸ ಕೇಳಿಕೊಂಡು ಬಂದಂತೆ ಬಂತು. ಯಮುನಾ ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ದಾರಿ ನೀರಿನಡಿ ಹೋದಾಗ ಮೆಟ್ರೋದವರು ಒಳಬರುವ ಹೊರಹೋಗುವ ಬಾಗಿಲು ಮುಚ್ಚಿ, ರೈಲು ಬದಲಿಸಲು ಮಾತ್ರ ಅವಕಾಶ ಕೊಟ್ಟರು. ಕೌಶಾಂಬಿಗೆ ಹೋಗುವವರು ಅಲ್ಲಿ ಇಳಿಯಬಾರದು, ಮುಂದೆ ಸಾಗಬೇಕು ಎಂಬುದೇ ಇದರ ತಾತ್ಪರ್ಯ.

ಸಾಹಿತ್ಯದ ಸಾಕ್ಷ್ಯವಿಲ್ಲದೆ ಸಂಶೋಧನೆ ಪೂರ್ತಿಯಾಗುವುದಿಲ್ಲವಾದ್ದರಿಂದ ಎರಡು ಮಾತು. ಇಂದ್ರಪ್ರಸ್ಥದ ಮಯಸಭೆಯಲ್ಲಿ ದುರ್ಯೋಧನ ನೆಲವನ್ನು ನೀರೆಂದು ತಿಳಿದು ಪಂಚೆ ಎತ್ತಿದ, ನೀರನ್ನು ನೆಲವೆಂದು ತಿಳಿದು ಬಿದ್ದ. ನಕ್ಕವರು ದ್ರೌಪದಿಯೋ ಭೀಮನೋ ಎಂಬ ಜಗಳದಲ್ಲಿ ಮುಖ್ಯ ಸಂಗತಿ ಮರೆಯಾಗಿದೆ. ಅದು ಮಯನ ಶಿಲ್ಪಚಾತುರ್ಯವಲ್ಲ, ದೆಹಲಿಯ ಮಳೆಗಾಲದ ಮೊತ್ತಮೊದಲ ವರದಿ. ಕನಾಟ್ ಪ್ಲೇಸಿನ ಪಕ್ಕದ ಮಿಂಟೋ ಸೇತುವೆಯಡಿ ಆಷಾಢ ಶ್ರಾವಣಗಳಲ್ಲಿ ಎಷ್ಟೋ ಸಲ ಇದರ ಪುನಃಪ್ರದರ್ಶನವಾಗಿದೆ: ರಸ್ತೆಯೆಂದು ತಿಳಿದು ಇಳಿದ ಡಿಟಿಸಿ ಬಸ್ಸು ಕಿಟಕಿಯವರೆಗೆ ಮುಳುಗಿ ನಿಲ್ಲುತ್ತದೆ, ಪ್ರಯಾಣಿಕರನ್ನು ಏಣಿ ಹಾಕಿ ಇಳಿಸುತ್ತಾರೆ, ಮರುದಿನದ ಪತ್ರಿಕೆಗೆ ಚಿತ್ರ ಸಿಗುತ್ತದೆ. ಎರಡನೆಯ ಸಾಕ್ಷಿ ನಮ್ಮ ರನ್ನ. ಯುದ್ಧದ ಕೊನೆಯ ದಿನ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಜಲಸ್ತಂಭನ ಮಾಡಿ ಕುಳಿತದ್ದನ್ನೂ, ಭೀಮನ ಕೂಗು ಕೇಳಿ ಅವನು ನೀರಿನೊಳಗಿದ್ದೂ ಬೆವೆತದ್ದನ್ನೂ ಗದಾಯುದ್ಧದಲ್ಲಿ ವರ್ಣಿಸಿದ್ದಾನೆ. ಕ್ರೋಧಕ್ಕೆ ಬೆವೆತ ಎಂದು ವ್ಯಾಖ್ಯಾನಕಾರರು ಸಾವಿರ ವರ್ಷದಿಂದ ಕೊಂಡಾಡುತ್ತಿದ್ದಾರೆ. ನೀರಿನಲ್ಲಿ ಮುಳುಗಿದ್ದೂ ಬೆವರುವುದು ಜುಲೈ ತಿಂಗಳ ದೆಹಲಿಯಲ್ಲಿ ಸಾಮಾನ್ಯ ಜನರೂ ಮಾಡುವ ಕೆಲಸ. ಅದಕ್ಕೆ ಭೀಮ ಬೇಕಿಲ್ಲ, ಗಾಳಿಯ ತೇವ ಸಾಕು. ದಕ್ಷಿಣದಲ್ಲಿ ಕೂತು ರಾಜಧಾನಿಯ ಹವೆಯನ್ನು ಇಷ್ಟು ಖಚಿತವಾಗಿ ಹಿಡಿದ ಕವಿಗೆ ಹವಾಮಾನ ಇಲಾಖೆಯವರು ಒಂದು ಕೃತಜ್ಞತೆಯನ್ನಾದರೂ ಸಲ್ಲಿಸಬೇಕಿತ್ತು.

ಒಂದು ಆಕ್ಷೇಪಣೆ ಉಳಿದಿದೆ, ಅದನ್ನು ಯಾರೂ ಎತ್ತಿಲ್ಲ. ನಿಚಕ್ಷು ಹೋದ, ಸರಿ, ಊರಿನವರೆಲ್ಲ ಹೋದರೇ? ಪುರಾಣದಲ್ಲಿ ದೊರೆಯ ಪ್ರಯಾಣವಿದೆ, ಅವನ ಅಪ್ಪನ ಹೆಸರಿದೆ, ಮುಂದೆ ಕೌಶಾಂಬಿಯಲ್ಲಿ ಆಳಿದ ಇಪ್ಪತ್ತಕ್ಕೂ ಮಿಕ್ಕ ಅರಸರ ಪಟ್ಟಿಯಿದೆ. ಬೂದು ಮಡಕೆಯಲ್ಲಿ ಅನ್ನ ಬೇಯಿಸುತ್ತಿದ್ದವರ ಸುದ್ದಿ ಇಲ್ಲ. ಲಾಲ್ ಅಗೆದಾಗ ಸುಟ್ಟ ಅಕ್ಕಿಯ ಕಾಳು ಸಿಕ್ಕಿತ್ತು, ಅದನ್ನು ಒಲೆಯ ಮೇಲಿಟ್ಟವರು ಯಾವ ಗಾಡಿ ಹತ್ತಿದರೆಂದು ಮಣ್ಣೂ ಹೇಳುವುದಿಲ್ಲ. 2023ರ ಜುಲೈಯಲ್ಲಿ ಸಚಿವಾಲಯದ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿದರು. ಯಮುನೆಯ ಬಯಲಿನಲ್ಲಿ ಸೋರೆ, ಹೀರೆ, ಸೊಪ್ಪು ಬೆಳೆಯುತ್ತಿದ್ದವರು ಎಮ್ಮೆಗಳ ಸಮೇತ ಮಯೂರ ವಿಹಾರದ ರಸ್ತೆಯಂಚಿಗೆ ಬಂದು, ಮೇಲ್ಸೇತುವೆಯ ಕೆಳಗೆ ಟಾರ್ಪಾಲು ಕಟ್ಟಿಕೊಂಡರು. ನೀರು ಇಳಿದ ಮೇಲೆ, ಆ ಬಯಲು ನಿಮ್ಮದಲ್ಲ, ಅಲ್ಲಿ ಮತ್ತೆ ಗುಡಿಸಲು ಹಾಕಬೇಡಿ ಎಂಬ ನೋಟೀಸು ಅವರಿಗೆ ಹೊಸದೇನಲ್ಲ. ಅದೇ ಬಯಲಿನಲ್ಲಿ ಎದ್ದ ಕ್ರೀಡಾಗ್ರಾಮಕ್ಕೋ ದೇವಾಲಯಕ್ಕೋ ಅಂಥ ನೋಟೀಸು ಬಂದುದಾಗಿ ಯಾವ ಪುರಾಣದಲ್ಲೂ ಉಲ್ಲೇಖವಿಲ್ಲ. ನಮ್ಮ ಸಿದ್ಧಾಂತಕ್ಕೆ ಇದರಿಂದ ಬಾಧಕವಿಲ್ಲವಾದ್ದರಿಂದ ಇದನ್ನು ಇಲ್ಲಿಗೇ ಬಿಡುತ್ತೇವೆ. ಸಿದ್ಧಾಂತಗಳಿಗೆ ಇಂಥವರಿಂದ ಯಾವತ್ತೂ ಬಾಧಕವಾದದ್ದಿಲ್ಲ.

ಉಳಿದದ್ದು ಕೌಶಾಂಬಿಗೂ ನೀರು ಬಂದರೆ ಗದ್ದುಗೆ ಮುಂದೆಲ್ಲಿಗೆ ಎಂಬ ವ್ಯಾವಹಾರಿಕ ಪ್ರಶ್ನೆ. ಸಮೀಪಕ್ಕೇ ಹೋಗಬೇಕು, ರಾಜಧಾನಿ ಪ್ರದೇಶದೊಳಗೇ ಇರಬೇಕು, ದೆಹಲಿಯ ದರದ ಭತ್ಯೆ ಸಿಗಬೇಕು, ನೀಲಿ ಮಾರ್ಗದ ಮೇಲಿರಬೇಕು. ಈ ನಾಲ್ಕು ಲಕ್ಷಣಗಳೂ ಕೂಡುವ ಸ್ಥಳ ಒಂದೇ: ಮುಂದಿನ ನಿಲ್ದಾಣ, ವೈಶಾಲಿ. ಬಿಹಾರದಲ್ಲಿ ಇನ್ನೊಂದು ವೈಶಾಲಿ ಇದೆ, ಲಿಚ್ಛವಿಗಳ ಗಣರಾಜ್ಯ ಅಲ್ಲಿತ್ತು ಎಂದು ಪ್ರಯಾಗದ ಪಕ್ಷದವರು ಈಗಾಗಲೇ ಲೇಖನ ಸಿದ್ಧಮಾಡಿಕೊಂಡಿರಬಹುದು; ಅವರಿಗೆ ಮೇಲೆ ಕೊಟ್ಟ ಉತ್ತರವೇ ಸಾಕು. ನಿಜವಾದ ತೊಂದರೆ ಬೇರೆ. ವೈಶಾಲಿಗೆ ಹಳಿ ಮುಗಿಯುತ್ತದೆ. ಅಲ್ಲಿಂದ ಮೋಹನ ನಗರದವರೆಗೆ ವಿಸ್ತರಿಸುವ ಪ್ರಸ್ತಾವ ವರ್ಷಗಳಿಂದ ಕಡತದಲ್ಲಿದ್ದು, ಖರ್ಚನ್ನು ಯಾರು ಎಷ್ಟು ಹೊರಬೇಕೆಂಬ ವಿಷಯದಲ್ಲಿ ಪತ್ರವ್ಯವಹಾರ ನಡೆದಿದೆ. ಅದು ಇತ್ಯರ್ಥವಾಗುವವರೆಗೆ ವೈಶಾಲಿಯಿಂದಾಚೆಗೆ ಕುರುವಂಶದ ಇತಿಹಾಸವನ್ನು ಮುಂದುವರಿಸಲು ಪ್ರಸ್ತುತ ಲೇಖಕರಿಗೆ ಮಂಜೂರಾತಿ ಇಲ್ಲ.